ಬಾಗಿಲು ಒಡೆದ ಕಮ್ಮಾರ: ಒಂದು ಪ್ರಕರಣ ಅಧ್ಯಯನ

ನಮ್ಮ ದಂಡ ಕಾನೂನಿನಲ್ಲಿ ಒಬ್ಬ ಕಮ್ಮಾರನಿದ್ದಾನೆ. ದರೋಡೆಕೋರರು ಅವನನ್ನು ಹಿಡಿದೊಯ್ದು, ಈಗಿಂದೀಗಲೇ ಕೊಲ್ಲುತ್ತೇವೆಂದು ಹೆದರಿಸಿ, ಅವನದೇ ಹತಾರಗಳಿಂದ ಯಾರದೋ ಮನೆಯ ಬಾಗಿಲು ಒಡೆಸುತ್ತಾರೆ. ಕಮ್ಮಾರ ಅಪರಾಧಿಯಲ್ಲ. 1860ರ ದಂಡ ಸಂಹಿತೆಯ 94ನೇ ಕಲಮಿನ ವಿವರಣೆಯಲ್ಲಿ ಬಂದು ಕುಳಿತ ಈತ, 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ 32ನೇ ಕಲಮಿಗೆ ಮನೆ ಬದಲಿಸಿದ, ವೇಷ ಬದಲಿಸಲಿಲ್ಲ. ಅವನ ಮಗ್ಗುಲಲ್ಲೇ ಇನ್ನೊಬ್ಬನಿದ್ದಾನೆ. ತಾನಾಗಿಯೋ, ಹೊಡೆಯುತ್ತಾರೆಂಬ ಭಯಕ್ಕೋ, ಇವರು ದರೋಡೆಕೋರರೆಂದು ತಿಳಿದೂ ಗುಂಪು ಸೇರಿದವನು. ಅವನಿಗೆ ಕಾನೂನಿನ ರಕ್ಷಣೆಯಿಲ್ಲ.

ನನ್ನ ಕಕ್ಷಿದಾರ ಈ ಇಬ್ಬರಲ್ಲಿ ಯಾರು ಎಂಬ ಪ್ರಶ್ನೆಯ ಸುತ್ತಲೇ ಒಂದು ವರ್ಷಕ್ಕೂ ಹೆಚ್ಚು ಕಾಲ ಈ ಪ್ರಕರಣ ಸುತ್ತಿತು. ವಿದೇಶದಲ್ಲಿ ಕೆಲಸವೆಂದು ನಂಬಿ ಹೋಗಿ, ಆನ್‌ಲೈನ್ ವಂಚನೆಯ ಕೂಟಗಳಲ್ಲಿ ಸೆರೆಸಿಕ್ಕ ಇಂಥ ಹುಡುಗರು ಇನ್ನೂ ಮರಳಿ ಬರುತ್ತಿದ್ದಾರೆ, ತಾಲ್ಲೂಕು ನ್ಯಾಯಾಲಯಗಳ ವಕೀಲರ ಮುಂದೆ ಕೂರುತ್ತಿದ್ದಾರೆ. ಆದ್ದರಿಂದ ನಡೆದದ್ದನ್ನು, ನಾನು ಎಡವಿದ್ದನ್ನೂ ಸೇರಿಸಿ, ಬರೆದಿಡುತ್ತಿದ್ದೇನೆ. ಊರು, ವಯಸ್ಸು, ಮೊತ್ತ, ತಿಂಗಳುಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಕಲಮುಗಳನ್ನು ಬದಲಿಸಿಲ್ಲ.

ಹೋದದ್ದು, ಬಂದದ್ದು

ಹುಡುಗನಿಗೆ 24 ವರ್ಷ. ಉತ್ತರ ಕರ್ನಾಟಕದ ಒಂದು ಹಳ್ಳಿ, ನಾಲ್ಕು ಎಕರೆ ಒಣಬೇಸಾಯ, ಕಂಪ್ಯೂಟರ್ ಡಿಪ್ಲೊಮಾ, ಎರಡು ವರ್ಷದ ನಿರುದ್ಯೋಗ. ಪಕ್ಕದ ತಾಲ್ಲೂಕಿನ ಏಜೆಂಟನೊಬ್ಬ ಟೆಲಿಗ್ರಾಂನಲ್ಲಿ ಸಿಕ್ಕ. ಬ್ಯಾಂಕಾಕಿನಲ್ಲಿ ಡೇಟಾ ಎಂಟ್ರಿ ಕೆಲಸ, ತಿಂಗಳಿಗೆ 80 ಸಾವಿರ ಸಂಬಳ, ಏಜೆಂಟನಿಗೆ ಒಂದೂವರೆ ಲಕ್ಷ. 1983ರ ವಲಸೆ ಕಾಯ್ದೆಯ 10ನೇ ಕಲಮಿನ ಪ್ರಕಾರ ನೋಂದಣಿಯಿಲ್ಲದೆ ಯಾರೂ ವಿದೇಶಿ ಕೆಲಸಕ್ಕೆ ಜನರನ್ನು ನೇಮಿಸುವಂತಿಲ್ಲ. ಏಜೆಂಟ್ ನೋಂದಾಯಿತನೇ ಎಂದು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಎರಡು ನಿಮಿಷದಲ್ಲಿ ನೋಡಬಹುದು. ನೋಡುವವರು ಯಾರು?

2024ರ ಆಗಸ್ಟಿನಲ್ಲಿ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಇಳಿದವನನ್ನು ಕಾರು ಬ್ಯಾಂಕಾಕಿಗೆ ಒಯ್ಯಲಿಲ್ಲ. ಇಡೀ ದಿನ ಪಶ್ಚಿಮಕ್ಕೆ ಓಡಿ, ಮಾಯ್ ಸಾಟ್ ಎಂಬ ಗಡಿ ಪಟ್ಟಣ ಮುಟ್ಟಿತು. ರಾತ್ರಿ ದೋಣಿಯಲ್ಲಿ ಮೋಯಿ ನದಿ ದಾಟಿಸಿದರು. ಆಚೆ ದಡದಲ್ಲಿ ಮ್ಯಾನ್ಮಾರಿನ ಮ್ಯಾವಡ್ಡಿ. ಎತ್ತರದ ಗೋಡೆ, ಮುಳ್ಳುತಂತಿ, ಬಂದೂಕು. ಪಾಸ್‌ಪೋರ್ಟನ್ನೂ ಊರಿನಿಂದ ತಂದಿದ್ದ ಸಿಮ್ಮನ್ನೂ ಮೊದಲ ರಾತ್ರಿಯೇ ಕಿತ್ತುಕೊಂಡರು. ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000 ಮಂದಿಯನ್ನು ಹೀಗೆ ಇಟ್ಟುಕೊಂಡು ಆನ್‌ಲೈನ್ ವಂಚನೆ ಮಾಡಿಸುತ್ತಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟಿನಲ್ಲಿ ಹೇಳಿತ್ತು.

ಕೆಲಸವೆಂದರೆ ಹೆಣ್ಣಿನ ಹೆಸರು, ಹೆಣ್ಣಿನ ಫೋಟೊ ಇಟ್ಟುಕೊಂಡು ಕನ್ನಡ ಬಲ್ಲವರೊಂದಿಗೆ ವಾಟ್ಸ್ಆ್ಯಪಿನಲ್ಲಿ ಸಲಿಗೆ ಬೆಳೆಸಿ, ಹೂಡಿಕೆಯ ನಕಲಿ ಆ್ಯಪಿಗೆ ತಂದು ಬಿಡುವುದು. ದಿನಕ್ಕೆ ಹದಿನಾರು ಗಂಟೆ. ಗುರಿ ಮುಟ್ಟದಿದ್ದರೆ ದಂಡ, ಬಿಸಿಲಿನಲ್ಲಿ ನಿಲ್ಲಿಸುವುದು, ವಿದ್ಯುತ್ ಬೆತ್ತ. ಬಿಟ್ಟುಬಿಡಬೇಕಾದರೆ ನಾಲ್ಕು ಲಕ್ಷ ರೂಪಾಯಿ ಅಥವಾ ಊರಿನಿಂದ ಇಬ್ಬರು.

2025ರ ಫೆಬ್ರುವರಿಯಲ್ಲಿ ಥಾಯ್ಲೆಂಡ್ ಆ ಪ್ರದೇಶಕ್ಕೆ ವಿದ್ಯುತ್ ಕಡಿತ ಮಾಡಿತು. ಸಾವಿರಾರು ಮಂದಿ ಹೊರಬಂದರು. ಮಾರ್ಚ್ 10 ಮತ್ತು 11ರಂದು ಭಾರತೀಯ ವಾಯುಪಡೆಯ ವಿಮಾನಗಳು 283 ಮತ್ತು 266 ಮಂದಿಯನ್ನು ಮಾಯ್ ಸಾಟ್‌ನಿಂದ ಕರೆತಂದವು. ನನ್ನ ಹುಡುಗ ಅವರಲ್ಲೊಬ್ಬ.

ನೋಟಿಸು

ಮೇ ತಿಂಗಳಲ್ಲಿ ಬೇರೊಂದು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯಿಂದ ನೋಟಿಸು ಬಂತು. ನಿವೃತ್ತರೊಬ್ಬರು 11 ಲಕ್ಷ ಕಳೆದುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರು. ನ್ಯಾಯ ಸಂಹಿತೆಯ 318(4), 319(2), 61(2), ಅಂದರೆ ವಂಚನೆ, ಬೇರೆಯವರೆಂದು ನಟಿಸಿ ವಂಚನೆ, ಒಳಸಂಚು; ಜೊತೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ, ಕಂಪ್ಯೂಟರ್ ಮೂಲಕ ಬೇರೆಯವರೆಂದು ನಟಿಸಿ ವಂಚನೆ. ಅವರೊಡನೆ ಮಾತನಾಡಿದ ವಾಟ್ಸ್ಆ್ಯಪ್ ಸಂಖ್ಯೆಯ ಸಿಮ್ ಹುಡುಗನ ಹೆಸರಿನಲ್ಲಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ದೂರುದಾರರ ಹಣ ಹಾದುಹೋದ ಬಾಡಿಗೆ ಖಾತೆಯಿಂದಲೇ (ವಂಚಕರು ಬಳಸಲು ಬೇರೆ ಯಾರಿಂದಲೋ ಪಡೆದ ಖಾತೆ) ಹುಡುಗನ ಖಾತೆಗೆ ಮೂರು ಕಂತಿನಲ್ಲಿ 52 ಸಾವಿರ ಬಂದಿತ್ತು.

ಅಪ್ಪನೂ ಅಕ್ಕನೂ ಅವನನ್ನು ನನ್ನ ಕಚೇರಿಗೆ ಕರೆತಂದರು. ಅಪ್ಪ ಹೇಳಿದ್ದು ಒಂದೇ ಮಾತು: “ಸಾಹೇಬರೇ, ನನ್ನ ಮಗನಿಗೆ ಏನೂ ಗೊತ್ತಿರಲಿಲ್ಲ ಎಂದು ಬರೆದುಬಿಡಿ.”

ಗೊತ್ತಿರಲಿಲ್ಲ ಎಂದು ಬರೆಯುವಂತಿರಲಿಲ್ಲ. ಏಳು ತಿಂಗಳ ಚಾಟ್ ಇಟ್ಟುಕೊಂಡು ಹಾಗೆ ಹೇಳಿದರೆ ಉಳಿದ ನಿಜವೂ ಅದರ ಜೊತೆ ಮುಳುಗುತ್ತದೆ. ಗೊತ್ತಿತ್ತು, ಆದರೆ ದಾರಿ ಇರಲಿಲ್ಲ ಎಂಬುದೇ ನಮ್ಮ ವಾದವಾಗಬೇಕು ಎಂದೆ. ಅಪ್ಪನಿಗೆ ಇದು ವಕೀಲರೇ ಮಗನನ್ನು ಒಪ್ಪಿಸಿಕೊಟ್ಟಂತೆ ಕಂಡಿತು. ಆಗ ಹುಡುಗ, ತಲೆ ಎತ್ತದೆ, ಇನ್ನೊಂದು ವಿಷಯ ಹೇಳಿದ. ಇಬ್ಬರನ್ನು ಕರೆಸಿದರೆ ಬಿಡುತ್ತೇವೆಂದಾಗ ಒಬ್ಬನ ಫೋನ್ ಸಂಖ್ಯೆ ಕೊಟ್ಟಿದ್ದ. ಅದೇ ಊರಿನ ಬಾಲ್ಯದ ಗೆಳೆಯ. ಜನವರಿಯಲ್ಲಿ ಗೆಳೆಯನೂ ನದಿ ದಾಟಿ ಬಂದ. ಇವನನ್ನು ಬಿಡಲಿಲ್ಲ.

ಆ ಸಂಜೆ ನನಗೆ ಕೈಕಾಲು ಆಡಲಿಲ್ಲ. ಮಾನವ ಕಳ್ಳಸಾಗಣೆಯ 143ನೇ ಕಲಮಿನ ಅಡಿ ಏಜೆಂಟನ ಮೇಲೆ ದೂರು ಕೊಟ್ಟರೆ, ಅದೇ ಕಲಮಿನ “ನೇಮಿಸುವವನು” ಎಂಬ ಪದ ತಿರುಗಿ ಇವನ ಕುತ್ತಿಗೆಗೇ ಬೀಳಬಹುದು. ಒಂದಕ್ಕಿಂತ ಹೆಚ್ಚು ಜನರನ್ನು ಸಾಗಿಸಿದ್ದಕ್ಕೆ ಅಲ್ಲಿ ಕನಿಷ್ಠ ಹತ್ತು ವರ್ಷ. ದೂರು ಕೊಡಲು ಹಿಂಜರಿದೆ. ಮೂರು ವಾರ ಹಾಗೇ ಹೋಯಿತು. ಅಷ್ಟರಲ್ಲಿ ಅವನ ಬಂಧನವಾಯಿತು.

ಇದು ನನ್ನ ತಪ್ಪು. ಬಂಧನದ ನಂತರ ಸಲ್ಲಿಸಿದ ಪ್ರತಿದೂರನ್ನು ಸರ್ಕಾರಿ ಅಭಿಯೋಜಕರು “ಆಮೇಲೆ ಹುಟ್ಟಿಸಿಕೊಂಡ ಕತೆ” ಎಂದರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಎನ್ನುತ್ತಿದ್ದೆ. ಊರಿಗೆ ಬಂದ ವಾರದಲ್ಲೇ, ಗೆಳೆಯನ ವಿಷಯವನ್ನೂ ಸೇರಿಸಿ ದೂರು ದಾಖಲಾಗಿದ್ದರೆ ಪ್ರಕರಣದ ಮುಖವೇ ಬೇರೆಯಾಗುತ್ತಿತ್ತು. ಅವಮಾನ, ಸಾಲ, ಏಜೆಂಟ್ ದೂರದ ನೆಂಟ ಎಂಬ ಸಂಕೋಚ ಕುಟುಂಬದ ಕೈ ಕಟ್ಟಿತ್ತು. ನನ್ನ ಕೈ ಕಟ್ಟಿದ್ದು ಬರಿಯ ಲೆಕ್ಕಾಚಾರ.

ಕಮ್ಮಾರ ಕೈಕೊಟ್ಟದ್ದು

ಮ್ಯಾಜಿಸ್ಟ್ರೇಟರು ಜಾಮೀನು ನಿರಾಕರಿಸಿದರು. ಸೆಷನ್ಸ್ ನ್ಯಾಯಾಲಯದಲ್ಲಿ ನಾನು 32ನೇ ಕಲಂ ಎತ್ತಿಕೊಂಡೆ, ಕಮ್ಮಾರನನ್ನು ಕಟಕಟೆಗೆ ಕರೆದೆ. ನ್ಯಾಯಾಧೀಶರು ತಾಳ್ಮೆಯಿಂದ ಕೇಳಿದರು. ಆಮೇಲೆ ಹೀಗೆಂದರು: “ವಕೀಲರೇ, ಕಾನೂನು ಹೇಳುವುದು ತತ್‌ಕ್ಷಣದ ಸಾವಿನ ಭಯ. ಏಳು ತಿಂಗಳು ಒಬ್ಬ ಮನುಷ್ಯ ತತ್‌ಕ್ಷಣದ ಸಾವಿನ ಭಯದಲ್ಲಿ ಇರುತ್ತಾನೆಯೇ? ಉಂಡಿದ್ದಾನೆ, ಮಲಗಿದ್ದಾನೆ, ಸಂಬಳ ಮನೆಗೆ ಕಳಿಸಿದ್ದಾನೆ.”

ಉತ್ತರ ನನ್ನ ಬಳಿ ಸಿದ್ಧವಿರಲಿಲ್ಲ. ಮನೆಗೆ ಬಂದು ಆ ಕಲಮನ್ನು ಮತ್ತೆ ಓದಿದೆ. ಅದು ದರೋಡೆಯ ಕಾಲದ ಕಲಂ. ರಾತ್ರಿ ಹಿಡಿದು, ರಾತ್ರಿಯೇ ಬಾಗಿಲು ಒಡೆಸಿ, ಬೆಳಗಾಗುವುದರೊಳಗೆ ಬಿಟ್ಟುಬಿಡುವ ಬಲಾತ್ಕಾರ ಮಾತ್ರ ಅದಕ್ಕೆ ಗೊತ್ತು. ಊಟ ಹಾಕಿ, ಹಾಸಿಗೆ ಕೊಟ್ಟು, ಪಾಸ್‌ಪೋರ್ಟ್ ಬೀಗದಲ್ಲಿಟ್ಟು, ತಿಂಗಳುಗಟ್ಟಲೆ ಬಾಗಿಲು ಒಡೆಸುವ ಬಲಾತ್ಕಾರ ಅದರ ಕಲ್ಪನೆಯಲ್ಲಿಲ್ಲ. ಸಾಲದ್ದಕ್ಕೆ, ಆ ಪರಿಸ್ಥಿತಿಗೆ ತಾನಾಗಿ ಹೋಗಿ ಬಿದ್ದವನಿಗೆ ಈ ರಕ್ಷಣೆ ಇಲ್ಲ ಎಂಬ ಷರತ್ತು ಬೇರೆ. ಜೊತೆಗೆ, ವಿನಾಯಿತಿ ಇದೆಯೆಂದು ತೋರಿಸುವ ಹೊರೆ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನಂತೆ ಆರೋಪಿಯ ಮೇಲೆ. ಸಂದೇಹಾತೀತವಾಗಿ ಅಲ್ಲ, ಹೀಗೇ ನಡೆದಿರುವ ಸಂಭವ ಹೆಚ್ಚು ಎನ್ನಿಸುವಷ್ಟು.

ಜಾಮೀನು ಸಿಕ್ಕಿತು, ನಿಜ. ಆದರೆ ಕಮ್ಮಾರನ ದಯೆಯಿಂದಲ್ಲ. ಏಳು ವರ್ಷದೊಳಗಿನ ಶಿಕ್ಷೆ, ಹಿಂದೆ ಯಾವ ಪ್ರಕರಣವೂ ಇಲ್ಲ, ದಾಖಲೆಗಳೆಲ್ಲ ಪೊಲೀಸರ ಬಳಿಯೇ ಇವೆ ಎಂಬ ಸಾಮಾನ್ಯ ಕಾರಣಗಳಿಂದ. 41 ದಿನ ಒಳಗಿದ್ದ.

ಇನ್ನೊಂದು ಬಾಗಿಲನ್ನೂ ತಟ್ಟಿ ನೋಡಿದೆ. ದೇಶದ ಹೊರಗೆ ನಡೆದ ಅಪರಾಧದ ವಿಚಾರಣೆಗೆ ತನಿಖೆ, ವಿಚಾರಣೆಯ ವಿಧಾನ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 208ನೇ ಕಲಮಿನಂತೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಹಣ ಕಳೆದುಕೊಂಡವರು ಕರ್ನಾಟಕದಲ್ಲೇ ಕೂತು ಕಳೆದುಕೊಂಡಿದ್ದಾರೆ, ಅಪರಾಧದ ಒಂದು ಭಾಗ ಇಲ್ಲೇ ನಡೆದಿದೆ ಎಂಬ ಉತ್ತರ ಬಂತು. ಅಲ್ಲಿಗೆ ಆ ವಾದ ಮುಗಿಯಿತು. ಮುಗಿದದ್ದು ನ್ಯಾಯವೂ ಹೌದು.

ಅಜ್ಜಿಯ ಜ್ವರ

ದೋಷಾರೋಪಣ ಪಟ್ಟಿ ಸಲ್ಲಿಕೆಯಾದ ಮೇಲೆ ಒಂದು ದಿನ ಅಕ್ಕ ಒಬ್ಬಳೇ ಬಂದಳು. ಜೆರಾಕ್ಸ್ ಹಣ ಕೊಡಲು ಬಂದಿದ್ದಳು. ಮಾತಿನ ನಡುವೆ, ಅಲ್ಲಿಂದ ತಮ್ಮ ಕಳಿಸುತ್ತಿದ್ದ ಸಂದೇಶಗಳ ಬಗ್ಗೆ ಕೇಳಿದೆ. ಅವರ ಮೊಬೈಲುಗಳನ್ನು ಮೇಲ್ವಿಚಾರಕರು ಅನುವಾದದ ಆ್ಯಪ್ ಹಿಡಿದು ದಿನವೂ ಓದುತ್ತಿದ್ದರಂತೆ. ಹಾಗಾಗಿ ಎಲ್ಲವೂ ಕ್ಷೇಮ ಸಮಾಚಾರವೇ. “ಒಂದು ಮಾತ್ರ ಬೇರೆ ಇತ್ತು ಸರ್,” ಎಂದು ಮೊಬೈಲ್ ತೆಗೆದಳು. ಅಕ್ಟೋಬರಿನ ಒಂದು ಮಧ್ಯರಾತ್ರಿಯ ಸಂದೇಶ:

“ಅಕ್ಕಾ, ಅಜ್ಜಿಯ ಜ್ವರ ಇಳಿದಿಲ್ಲ ಎಂದು ಕೇಳಿದೆ. ಇಲ್ಲಿಯ ಔಷಧಿ ಸಾಲದು. ದೊಡ್ಡ ಆಸ್ಪತ್ರೆಗೆ ಬರೆದು ಕೇಳು.”

“ಅಜ್ಜಿಗೆ ಏನಾಗಿತ್ತು?” ಎಂದೆ.

“ಅಜ್ಜಿ ತೀರಿಕೊಂಡು ಒಂಬತ್ತು ವರ್ಷವಾಯಿತು ಸರ್.”

ಅವಳಿಗೆ ಓದಿದ ಕೂಡಲೇ ಅರ್ಥವಾಗಿತ್ತು. ಮರುದಿನ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ, ಅಲ್ಲಿಯ ಹುಡುಗನ ಕೈಯಿಂದ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ಹಾಕಿಸಿದ್ದಳು. ತಮ್ಮನನ್ನು ಕೂಡಿಹಾಕಿ ಕೆಟ್ಟ ಕೆಲಸ ಮಾಡಿಸುತ್ತಿದ್ದಾರೆ, ಬಿಡಿಸಿ ಎಂದು ನಾಲ್ಕು ಸಾಲು. ಆಗ ಏನೂ ಆಗಲಿಲ್ಲವೆಂದು ಅದನ್ನು ಯಾರಿಗೂ ಹೇಳಿರಲಿಲ್ಲ. ನನಗೂ. ನಾನೂ ಕೇಳಿರಲಿಲ್ಲ.

ದೂರುದಾರರೊಂದಿಗಿನ ಮೊದಲ ಚಾಟ್ ನವೆಂಬರ್ ಎರಡನೇ ವಾರದ್ದು. ಅಕ್ಕನ ದೂರು ಅದಕ್ಕಿಂತ ನಾಲ್ಕು ವಾರ ಮೊದಲಿನದು. ಅಂದರೆ ಆರೋಪಿಯಾಗುವ ಮೊದಲೇ, ತಪ್ಪಿಸಿಕೊಳ್ಳುವ ಕತೆ ಕಟ್ಟುವ ಅಗತ್ಯವೇ ಹುಟ್ಟುವ ಮೊದಲೇ, ಇವನು ಸೆರೆಯಾಳು ಎಂಬ ಮಾತು ಸರ್ಕಾರದ ಕಡತದಲ್ಲಿ ದಾಖಲಾಗಿತ್ತು. ಗ್ರಾಮ ಒನ್ ಹುಡುಗ ಸ್ವೀಕೃತಿಯ ಪಿಡಿಎಫ್ ಅಳಿಸಿರಲಿಲ್ಲ. ಅಜ್ಜಿಯ ಮರಣ ಪ್ರಮಾಣಪತ್ರ ತರಿಸಿದೆವು. ವಂಚನೆಯ ಪ್ರಕರಣದಲ್ಲಿ ಮುದುಕಿಯೊಬ್ಬಳ ಮರಣ ಪತ್ರವನ್ನು ದಾಖಲೆಯಾಗಿ ಸಲ್ಲಿಸಿದ್ದು ನನ್ನ ವೃತ್ತಿಯಲ್ಲಿ ಅದೊಂದೇ ಸಲ. ಅಕ್ಕನ ಮೊಬೈಲಿನ ಸಂದೇಶಕ್ಕೆ ಸಾಕ್ಷ್ಯ ಅಧಿನಿಯಮದ 63(4)ರಂತೆ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರ ಮಾಡಿಸಿದೆವು. ಇದನ್ನು ಮರೆತು ಬರಿಯ ಸ್ಕ್ರೀನ್‌ಶಾಟ್ ಹಿಡಿದು ಬರುವ ಕಿರಿಯರಿಗೆ ನಾನು ಈಗ ಬೈಯುತ್ತೇನೆ.

ಆಮೇಲೆ ಉಳಿದ ಕಾಗದಗಳೂ ಬಾಯಿ ಬಿಟ್ಟವು. ಪಾಸ್‌ಪೋರ್ಟಿನಲ್ಲಿ ಥಾಯ್ಲೆಂಡಿನ ಒಳಬಂದ ಮುದ್ರೆ ಇದೆ, ಆಗಸ್ಟಿನಲ್ಲಿ ಹೊರಹೋದ ಮುದ್ರೆ ಇಲ್ಲ. ಮ್ಯಾನ್ಮಾರಿನ ಮುದ್ರೆ ಯಾವುದೂ ಇಲ್ಲ. ಕೆಲಸಕ್ಕೆಂದು ತಾನಾಗಿ ಹೋದವನು ರಾತ್ರಿ ದೋಣಿಯಲ್ಲಿ ಗಡಿ ದಾಟಿದ್ದೇಕೆ? ಡಿಸೆಂಬರಿನಲ್ಲಿ ಅಪ್ಪ ಸಹಕಾರಿ ಸಂಘದಲ್ಲಿ ಬಂಗಾರ ಅಡವಿಟ್ಟು ಒಂದೂವರೆ ಲಕ್ಷ ಎತ್ತಿದ ರಸೀದಿ ಇತ್ತು. ಆ ಹಣ ಬಿಡುಗಡೆಯ ಮೊದಲ ಕಂತೆಂದು ಏಜೆಂಟನ ಖಾತೆಗೇ ಹೋಗಿತ್ತು. 52 ಸಾವಿರ ಗಳಿಸಿದವನ ಅಪ್ಪ ಒಂದೂವರೆ ಲಕ್ಷ ಒತ್ತೆಹಣ ಕಟ್ಟಿದ್ದಾನೆ. ಹಾಗಾದರೆ ಆ 52 ಸಾವಿರ ಏಕೆ ಬಂತು? ಹುಡುಗನನ್ನೇ ಕೇಳಿದೆ. “ಮನೆಗೆ ಹಣ ಬರುತ್ತಿದ್ದರೆ ಮನೆಯವರು ಠಾಣೆಗೆ ಹೋಗುವುದಿಲ್ಲ ಎಂದು ಅವರಿಗೆ ಗೊತ್ತು ಸರ್” ಎಂದ.

ಇಷ್ಟೆಲ್ಲ ಇದ್ದರೂ ಆರೋಪ ಕೈಬಿಡುವ ಅರ್ಜಿಗೆ ಇದು ಉಪಯೋಗಕ್ಕೆ ಬರುವುದಿಲ್ಲ. ಆ ಹಂತದಲ್ಲಿ ಆರೋಪಿ ತನ್ನ ದಾಖಲೆ ತಂದು ತೋರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2004ರ ದೇವೇಂದ್ರನಾಥ ಪಾಢಿ ತೀರ್ಪಿನಲ್ಲಿ ಹೇಳಿದೆ. ವಿಚಾರಣೆ ಮುಗಿಯುವವರೆಗೆ ಕಾದರೆ ವರ್ಷಗಳು. ಹಾಗಾಗಿ ಪ್ರಕರಣ ರದ್ದು ಕೋರಿ, ಹೈಕೋರ್ಟಿನ ಅಂತರ್ಗತ ಅಧಿಕಾರದ ಕಲಮಾದ ಸುರಕ್ಷಾ ಸಂಹಿತೆಯ 528ರ ಅಡಿ ಹೈಕೋರ್ಟ್.

ಕ್ಷಮೆ ಬೇಡ ಎಂದವನು

ಈ ನಡುವೆ ಅಭಿಯೋಜನೆಯ ಕಡೆಯಿಂದ ಒಂದು ಸೂಚನೆ ಬಂತು. ಅದೇ ಸಂಹಿತೆಯ 343ನೇ ಕಲಮಿನಂತೆ ಮಾಫಿ ಸಾಕ್ಷಿಯಾಗಲು, ಅಂದರೆ ಕ್ಷಮೆ ಪಡೆದು ಉಳಿದ ಆರೋಪಿಗಳ ವಿರುದ್ಧ ಸಾಕ್ಷಿ ಹೇಳಲು, ಒಪ್ಪಿದರೆ ಏಜೆಂಟನನ್ನು ಹಿಡಿಯಲು ಅನುಕೂಲ. ನಾನು ಒಪ್ಪಿಕೋ ಎಂದೆ. ಜಾಮೀನಿನ ಮೇಲಿರುವಾಗಲೇ ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ವಿಚಾರಣೆ ಮುಗಿಯುವವರೆಗೆ ಮಾಫಿ ಸಾಕ್ಷಿ ಒಳಗೇ ಇರಬೇಕಾಗುತ್ತದೆ. ನಮಗೆ ಆ ತೊಡಕಿರಲಿಲ್ಲ. ಸುರಕ್ಷಿತ ದಾರಿ ಎನ್ನಿಸಿತ್ತು.

ಅವನು ಒಪ್ಪಲಿಲ್ಲ. “ಗೆಳೆಯನ ವಿಷಯದಲ್ಲಿ ಬೇಕಾದರೆ ತಪ್ಪೊಪ್ಪಿಕೊಳ್ಳುತ್ತೇನೆ ಸರ್. ಇದರಲ್ಲಿ ಕ್ಷಮೆ ಬೇಡ.”

ಸಿಟ್ಟು ಬಂತು. ಜೈಲು ಕಂಡುಬಂದವನ ಬಾಯಲ್ಲಿ ಇದೆಂಥ ಹಟ ಎನ್ನಿಸಿತು. ಎರಡು ದಿನ ಬಿಟ್ಟು ಯೋಚಿಸಿದಾಗ, ಅವನ ಹಟದಲ್ಲಿ ನನಗೆ ಹೊಳೆಯದ ಕಾನೂನೂ ಇದೆಯೆಂದು ತಿಳಿಯಿತು. ಮಾಫಿ ಸಾಕ್ಷಿ ತನಗೆ ತಿಳಿದ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಏನೋ ಮುಚ್ಚಿಟ್ಟ ಎಂದು ಅಭಿಯೋಜಕರು ಪ್ರಮಾಣೀಕರಿಸಿದರೆ ಕ್ಷಮೆ ಹೋಗಿ ಮತ್ತೆ ಆರೋಪಿ. ಅಡ್ಡಹೆಸರುಗಳನ್ನು ಬಿಟ್ಟು ಯಜಮಾನರ ಬಗ್ಗೆ ಏನೂ ಗೊತ್ತಿಲ್ಲದವನು “ಎಲ್ಲವನ್ನೂ” ಎಲ್ಲಿಂದ ತರುತ್ತಾನೆ?

ಆಗ ಇನ್ನೊಂದು ತೀರ್ಮಾನ ತೆಗೆದುಕೊಂಡೆವು. ಗೆಳೆಯನ ವಿಷಯವನ್ನು ಹೈಕೋರ್ಟ್ ಅರ್ಜಿಯಲ್ಲಿ ನಾವೇ ಬರೆಯುವುದು. ಅಪ್ಪ ನನ್ನೊಡನೆ ಮಾತು ಬಿಟ್ಟರು. ಆದರೆ ಗೆಳೆಯನ ವಿಮಾನದ ಟಿಕೆಟ್ ತೆಗೆಸಿದ್ದೂ ಅದೇ ಏಜೆಂಟ್. ಇಂದಲ್ಲ ನಾಳೆ ಹೊರಬರುವ ಸಂಗತಿ ನಮ್ಮ ಬಾಯಿಂದಲೇ ಬರಲಿ ಎಂದೆ.

ವಾದದಲ್ಲಿ ಈ ಸಲ ಕಮ್ಮಾರನನ್ನು ಹಿಂದೆ ಕೂರಿಸಿ, 143ನೇ ಕಲಮನ್ನು ಮುಂದಿಟ್ಟೆ. ವಂಚಿಸಿ, ಬೆದರಿಸಿ ಒಬ್ಬನನ್ನು ಸಾಗಿಸಿ ದಾಸ್ಯದಂಥ ಸ್ಥಿತಿಯಲ್ಲಿ ಇಟ್ಟರೆ ಅದು ಕಳ್ಳಸಾಗಣೆ. ಬಲಿಯಾದವನ ಒಪ್ಪಿಗೆ ಇತ್ತೇ ಇಲ್ಲವೇ ಎಂಬುದು ಅಲ್ಲಿ ಲೆಕ್ಕಕ್ಕೇ ಇಲ್ಲ. ಮನುಷ್ಯರ ಸಾಗಣೆಯನ್ನೂ ಬಲವಂತದ ದುಡಿಮೆಯನ್ನೂ ಸಂವಿಧಾನದ 23ನೇ ವಿಧಿಯೇ ನಿಷೇಧಿಸುತ್ತದೆ. ಆದರೆ ಬಲಿಯಾದವನಿಂದ ಮಾಡಿಸಿದ ಅಪರಾಧಕ್ಕೆ ಅವನನ್ನು ಶಿಕ್ಷಿಸಬಾರದು ಎಂದು ನಮ್ಮ ಕಾನೂನು ಎಲ್ಲಿಯೂ ನೇರವಾಗಿ ಹೇಳುವುದಿಲ್ಲ. 2018ರಲ್ಲಿ ಲೋಕಸಭೆ ಅಂಗೀಕರಿಸಿದ ಮಸೂದೆಯಲ್ಲಿ ಅಂಥದೊಂದು ರಕ್ಷಣೆ ಇತ್ತು, ಅದೂ ಹತ್ತು ವರ್ಷ, ಜೀವಾವಧಿ, ಮರಣದಂಡನೆಯಂಥ ಭಾರಿ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ನಮ್ಮ ಹುಡುಗನ ಏಳು ವರ್ಷದ ಅಪರಾಧಕ್ಕೆ ಅದೂ ದಕ್ಕುತ್ತಿರಲಿಲ್ಲ. ಮಸೂದೆಯೇ ಮರುವರ್ಷ ಬಿದ್ದುಹೋಯಿತು.

ಬ್ರಿಟನ್ನಿನಲ್ಲಿ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ 45ನೇ ಕಲಂ ಕೇಳುವ ಪ್ರಶ್ನೆಯೇ ಬೇರೆ: ಅದೇ ಪರಿಸ್ಥಿತಿಯಲ್ಲಿ ಸಿಕ್ಕಿಕೊಂಡ ಸಾಮಾನ್ಯ ವಿವೇಕದ ಮನುಷ್ಯನಿಗೆ ಬೇರೆ ದಾರಿ ಇತ್ತೇ? ಅಲ್ಲಿಯೂ ಈ ರಕ್ಷಣೆಯಿಂದ ಹೊರಗಿಟ್ಟ ಗಂಭೀರ ಅಪರಾಧಗಳ ಉದ್ದನೆಯ ಪಟ್ಟಿ ಇದೆ ಎನ್ನುವುದನ್ನೂ ನ್ಯಾಯಾಲಯಕ್ಕೆ ಹೇಳಿದೆ. ಅದೇ ದೇಶದಲ್ಲಿ ಗಾಂಜಾ ಬೆಳೆಯುವ ಮನೆಗಳಲ್ಲಿ ಸಿಕ್ಕ ಇಬ್ಬರು ವಿಯೆಟ್ನಾಮಿ ಹುಡುಗರು ತಪ್ಪೊಪ್ಪಿಕೊಂಡು ಶಿಕ್ಷೆ ಅನುಭವಿಸಿದ್ದರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2021ರ ಫೆಬ್ರುವರಿ 16ರಂದು ಅವರ ಪರ ತೀರ್ಪು ಕೊಟ್ಟಿತು. ಕಳ್ಳಸಾಗಣೆಗೆ ಬಲಿಯಾದವರೇ ಎಂದು ಬಲ್ಲವರಿಂದ ಮೊದಲು ಪರಿಶೀಲಿಸಿ, ಆಮೇಲೆ ಮೊಕದ್ದಮೆ ಹೂಡಬೇಕೇ ಬೇಡವೇ ಎಂದು ತೀರ್ಮಾನಿಸಿ ಎಂಬುದು ಅದರ ತಿರುಳು. ನಮಗದು ಬದ್ಧವಲ್ಲ. ನಾನು ಕೇಳಿದ್ದೂ ಅಷ್ಟೇ: ಪ್ರಕರಣ ರದ್ದು ಮಾಡದಿದ್ದರೂ ಸರಿ, ಈ ಪ್ರಶ್ನೆಯನ್ನು ತನಿಖೆಯಲ್ಲಿ ಯಾರೂ ಕೇಳಿಯೇ ಇಲ್ಲ, ಕೇಳಿಸಿ.

ಹೈಕೋರ್ಟ್ ಪೀಠ ಪ್ರಕರಣ ರದ್ದು ಮಾಡಲಿಲ್ಲ. ‘ಮದದ್’ ದೂರು, ಪಾಸ್‌ಪೋರ್ಟ್, ಅಡವಿನ ರಸೀದಿಗಳನ್ನು ಪರಿಶೀಲಿಸಿ ಸುರಕ್ಷಾ ಸಂಹಿತೆಯ 193(9)ರ ಅಡಿ ಹೆಚ್ಚಿನ ತನಿಖೆ ನಡೆಸುವಂತೆ ಆದೇಶಿಸಿತು.

ಹೊಸ ತನಿಖಾಧಿಕಾರಿ ಗೆಳೆಯನನ್ನು ಹುಡುಕಿಕೊಂಡು ಹೋದರು. ನಾನು ಉಸಿರು ಬಿಗಿಹಿಡಿದಿದ್ದೆ. ಮ್ಯಾಜಿಸ್ಟ್ರೇಟರ ಮುಂದೆ ಅದೇ ಸಂಹಿತೆಯ 183ರಂತೆ ಕೊಟ್ಟ ಹೇಳಿಕೆಯಲ್ಲಿ ಗೆಳೆಯ ಯಾವ ದಾಕ್ಷಿಣ್ಯವನ್ನೂ ತೋರಿಸಲಿಲ್ಲ. ತನ್ನನ್ನು ಕರೆಸಿದವನು ಇವನೇ ಎಂದ. ಮುಂದಿನ ಸಾಲಿನಲ್ಲೇ, ತಾನು ಹೋದ ದಿನ ಇವನ ಎಡಗಾಲು ಊದಿಕೊಂಡು ನೆಲಕ್ಕೆ ಊರಲು ಆಗುತ್ತಿರಲಿಲ್ಲ ಎಂದ. ಆ ರಾತ್ರಿ ಬಚ್ಚಲಿನಲ್ಲಿ ಇವನು ಹೇಳಿದ ಮಾತೂ ಹೇಳಿಕೆಯಲ್ಲಿದೆ: “ನಿನ್ನನ್ನು ಕರೆಸಿದ್ದು ನಾನೇ. ಬೈಯುವುದಿದ್ದರೆ ಊರಿಗೆ ಹೋದ ಮೇಲೆ ಬೈ. ಈಗ ಅವರು ಹೇಳಿದಂತೆ ಮಾಡು, ಕಾಲು ಉಳಿಸಿಕೋ.”

ಪೂರಕ ವರದಿಯಲ್ಲಿ ಏಜೆಂಟ್ 143ರ ಮತ್ತು ವಲಸೆ ಕಾಯ್ದೆಯ ಆರೋಪಿಯಾದ. ಹುಡುಗನ ಹೆಸರು ಆರೋಪಿಗಳ ಅಂಕಣದಿಂದ ಸಾಕ್ಷಿಗಳ ಅಂಕಣಕ್ಕೆ ಹೋಯಿತು.

ಉಳಿದದ್ದು

32ನೇ ಕಲಂ ಈ ಪ್ರಕರಣದಲ್ಲಿ ಕೊನೆಯವರೆಗೂ ಪರೀಕ್ಷೆಗೆ ಒಳಪಡಲೇ ಇಲ್ಲ. ವಿಚಾರಣೆ ನಡೆದಿದ್ದರೆ ಗೆಲ್ಲುತ್ತಿದ್ದೆವು ಎಂದು ಎದೆ ತಟ್ಟಿ ಹೇಳಲಾರೆ. ಆ ಕಲಂ ಹೀಗೇ ಇರುವವರೆಗೆ, ಇಂಥ ಪ್ರಕರಣಗಳನ್ನು ತನಿಖೆಯ ಹಂತದಲ್ಲೇ ಗೆಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಮರಳಿ ಬಂದ ವಾರದಲ್ಲೇ ದೂರು ಬೇಕು, ಗಾಯಗಳ ವೈದ್ಯಕೀಯ ದಾಖಲೆ ಬೇಕು. ನಮ್ಮಲ್ಲಿ ಎರಡೂ ಇರಲಿಲ್ಲ. ಕಕ್ಷಿದಾರನನ್ನು ಹತ್ತು ಸಲ ಪ್ರಶ್ನಿಸುವ ನಾವು ಮನೆಯ ಹೆಣ್ಣುಮಕ್ಕಳನ್ನು ಒಮ್ಮೆಯೂ ಕೂರಿಸಿಕೊಂಡು ಕೇಳುವುದಿಲ್ಲ. ನಮ್ಮನ್ನು ಉಳಿಸಿದ್ದು ಅಕ್ಕನ ಮೊಬೈಲು. ಅದು ಬೆಳಕಿಗೆ ಬಂದದ್ದು ಜೆರಾಕ್ಸ್ ಬಾಕಿಯಿಂದ.

ದೂರುದಾರರು ಒಮ್ಮೆ ನ್ಯಾಯಾಲಯದ ಪಡಸಾಲೆಯಲ್ಲಿ ಸಿಕ್ಕಿದ್ದರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇರುವ ಮನುಷ್ಯ. ಬಾಡಿಗೆ ಖಾತೆಯಲ್ಲಿ ತಡೆಹಿಡಿದಿದ್ದ ಚೂರುಪಾರು ಬಿಟ್ಟರೆ ಅವರ ಹಣ ಮರಳಿಲ್ಲ. ಹುಡುಗನ ಮುಂದೆ ಬಂದು ನಿಂತರು. “ಬೆಳಿಗ್ಗೆ ಬಿಪಿ ಮಾತ್ರೆ ತೆಗೆದುಕೊಂಡಿರಾ ಎಂದು ದಿನವೂ ಕೇಳುತ್ತಿದ್ದದ್ದು ನೀನೇ ಏನಪ್ಪಾ?” ಎಂದರು. ಹುಡುಗ ಹೌದೆಂದು ತಲೆಯಾಡಿಸಿದ. “ಅದನ್ನೂ ಅವರೇ ಬರೆದುಕೊಟ್ಟಿದ್ದರೋ?” ಇವನು ಸುಳ್ಳು ಹೇಳಬಹುದಿತ್ತು. “ಹೌದು ಸರ್, ಬರೆದುಕೊಟ್ಟಿದ್ದರು” ಎಂದ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಹೋದರು.

ಹುಡುಗನ ಬ್ಯಾಂಕ್ ಖಾತೆಯ ತಡೆ ಇನ್ನೂ ಪೂರ್ತಿ ತೆರವಾಗಿಲ್ಲ, ಅದಕ್ಕೆ ಬೇರೆಯೇ ಅರ್ಜಿ ಓಡಾಡುತ್ತಿದೆ. ಏಜೆಂಟನ ಮೇಲಿನ ಪ್ರಕರಣ ಸೆಷನ್ಸ್ ನ್ಯಾಯಾಲಯದಲ್ಲಿ ಸಾಕ್ಷ್ಯಕ್ಕೆ ಬಂದಿದೆ. ಸಾಕ್ಷಿ ಪಟ್ಟಿಯಲ್ಲಿ ಇವನ ಹೆಸರಿನ ಕೆಳಗೇ ಗೆಳೆಯನ ಹೆಸರಿದೆ. ಊರಿಗೆ ಬಂದ ಮೇಲೆ ಇಬ್ಬರೂ ಮಾತನಾಡಿಲ್ಲ. ಸಮನ್ಸ್ ಒಂದೇ ದಿನಕ್ಕೆ ಬಂದಿದೆ, ಊರಿನಿಂದ ಜಿಲ್ಲಾ ನ್ಯಾಯಾಲಯಕ್ಕೆ ಬೆಳಗಿನ ಬಸ್ಸೂ ಒಂದೇ.